ಕಚೇರಿ ಅಂಗಳದಲ್ಲಿ ನಡೆದದ್ದನ್ನು ಹೇಳಿದ ಹೆಂಗಸರು

ಅಂತರರಾಷ್ಟ್ರೀಯ ಕೋರ್ಟು ಎಂದರೆ ಸೇನಾಪತಿಗಳು, ಪ್ರಧಾನಿಗಳ ವಿಚಾರಣೆ ಮಾತ್ರ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ನರಮೇಧದ ಅಪರಾಧಕ್ಕಾಗಿ ಇಂಥ ಕೋರ್ಟು ವಿಚಾರಣೆ ನಡೆಸಿ ಮೊಟ್ಟಮೊದಲು ತಪ್ಪಿತಸ್ಥ ಎಂದದ್ದು ಹಳ್ಳಿಗಾಡಿನ ಒಬ್ಬ ಅಧ್ಯಕ್ಷನನ್ನು.

ಆಫ್ರಿಕಾದ ರುವಾಂಡಾದಲ್ಲಿ ಹಲವು ಹಳ್ಳಿಗಳು ಸೇರಿದ ತಾಬಾ ಎಂಬ ಆಡಳಿತ ಪ್ರದೇಶವಿತ್ತು. ಅದರ ಮುಖ್ಯಸ್ಥ ಜಾನ್ ಪಾಲ್ ಅಕಾಯೆಸು, ಹಿಂದೆ ಶಾಲೆ ಮೇಷ್ಟ್ರು. 1994ರಲ್ಲಿ ಟುಟ್ಸಿ ಜನರ ಕೊಲೆ ಶುರುವಾದಾಗ ಮೊದಲ ಕೆಲ ದಿನ ತಡೆಯಲು ನೋಡಿದ. ಆಮೇಲೆ ಕೊಲೆಗಾರರ ಕಡೆ ಸೇರಿದ. ರಕ್ಷಣೆ ಕೇಳಿ ಅವನ ಕಚೇರಿಗೆ ಬಂದ ಹೆಂಗಸರ ಮೇಲೆ ಆ ಅಂಗಳದಲ್ಲೇ ಅತ್ಯಾಚಾರ ನಡೆಯಿತು.

ವಿಶ್ವಸಂಸ್ಥೆ ಟಾಂಜಾನಿಯಾದ ಅರುಷಾದಲ್ಲಿ ವಿಶೇಷ ನ್ಯಾಯಾಲಯ ತೆರೆಯಿತು. ಆರೋಪಪಟ್ಟಿಯಲ್ಲಿ ಮೊದಲು ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿಗೆ ಬಂದ ಹೆಂಗಸರು ತಾವಾಗಿ ಬಾಯಿಬಿಟ್ಟರು. ಪೀಠದಲ್ಲಿ ದಕ್ಷಿಣ ಆಫ್ರಿಕಾದ, ಭಾರತೀಯ ಮೂಲದ ನವನೀತಂ ಪಿಳ್ಳೈ ಇದ್ದರು. 1997ರಲ್ಲಿ ಆರೋಪ ಸೇರಿತು. 1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು: ಒಂದು ಜನಾಂಗವನ್ನು ನಾಶಮಾಡುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ನರಮೇಧವೇ. ಅಕಾಯೆಸುಗೆ ಜೀವಾವಧಿ ಶಿಕ್ಷೆಯಾಯಿತು.

2002ರಿಂದ ಹೇಗ್ ನಗರದಲ್ಲಿ ಕಾಯಂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿದೆ. ಅದಕ್ಕೆ ಸ್ವಂತ ಪೊಲೀಸರಿಲ್ಲ. ಆರೋಪಿಯನ್ನು ದೇಶಗಳೇ ಹಿಡಿದು ಕೊಡಬೇಕು. ಅಮೆರಿಕ, ಚೀನಾ, ರಷ್ಯಾ, ನಮ್ಮ ಭಾರತ ಯಾವುವೂ ಸದಸ್ಯರಲ್ಲ. ಅದರ ಮುಂದಿನ ದಾರಿ ನಿಂತಿರುವುದು ಇಲ್ಲೇ. ದೊಡ್ಡ ದೇಶಗಳು ಹೊರಗೇ ಉಳಿದರೆ, ತಾಬಾದ ಹೆಂಗಸರಂತೆ ಧೈರ್ಯ ಮಾಡಿ ಮಾತಾಡುವವರಿಗೆ ಕಟಕಟೆಯಲ್ಲಿ ಆರೋಪಿಯೇ ಕಾಣದೆ ಹೋಗಬಹುದು.