ಕೊಲೆಸ್ಟ್ರಾಲ್ ಸಮತೋಲನ ಮತ್ತು ಪ್ರೋಟೀನ್ ಮಾರ್ಪಾಡು

ಪ್ರೋಟೀನ್ ತಯಾರಾದ ಮೇಲೆ ಜೀವಕೋಶ ಅದರಲ್ಲಿ ಮಾಡುವ ರಾಸಾಯನಿಕ ಬದಲಾವಣೆಯೇ ಪ್ರೋಟೀನ್ ಮಾರ್ಪಾಡು. ಫಾಸ್ಫೇಟ್ ಸೇರಿಸುವುದು, ಸಕ್ಕರೆಯ ಸರಪಳಿ ಜೋಡಿಸುವುದು, ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಅಂಟಿಸುವುದು, ಬೇಕಾದಲ್ಲಿ ಕತ್ತರಿಸುವುದು ಇದರ ಬಗೆಗಳು. ಕೊಲೆಸ್ಟ್ರಾಲ್ ಹದ ತಪ್ಪದಿರಲು ಇವೆಲ್ಲವೂ ಬೇಕು.

ಕೊಲೆಸ್ಟ್ರಾಲ್ ಹೆಸರು ಕೆಟ್ಟಿದ್ದರೂ ಕೋಶದ ಪೊರೆಗೆ, ಪಿತ್ತರಸಕ್ಕೆ, ಹಲವು ಹಾರ್ಮೋನುಗಳಿಗೆ ಅದು ಮೂಲದ್ರವ್ಯ. ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಬೆಳೆಯುವ ಶೇಂಗಾದ ಎಣ್ಣೆ ಡಬ್ಬಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಅಚ್ಚು ಹಾಕಿದರೆ ಅದೇನೂ ಹೆಚ್ಚುಗಾರಿಕೆಯಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಅದು ಇರುವುದು ಇಲ್ಲವೆನ್ನುವಷ್ಟೇ. ನಮ್ಮೊಳಗಿನ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ದೇಹವೇ ತಯಾರಿಸಿಕೊಂಡದ್ದು.

ಈ ತಯಾರಿಕೆಯ ವೇಗ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವದ ಕೈಯಲ್ಲಿದೆ. ಕೋಶದಲ್ಲಿ ಕೊಲೆಸ್ಟ್ರಾಲ್ ಮುಂತಾದ ಸ್ಟೆರಾಲ್‌ಗಳು ಹೆಚ್ಚಿದರೆ ಇನ್ಸಿಗ್ ಎಂಬ ಪ್ರೋಟೀನು ಈ ಕಿಣ್ವವನ್ನು ಹಿಡಿದುಕೊಳ್ಳುತ್ತದೆ. ಆಗ ಕಿಣ್ವಕ್ಕೆ ಯುಬಿಕ್ವಿಟಿನ್ ಅಂಟುತ್ತದೆ. ಕಡಿಯಬೇಕಾದ ಮರಕ್ಕೆ ಬಳಿದ ಗುರುತಿನಂತೆ ಅದು: ಗುರುತು ಬಿದ್ದ ಕಿಣ್ವವನ್ನು ಪ್ರೋಟಿಯಾಸೋಮ್ ಎಂಬ ಕೋಶದ ಯಂತ್ರ ಚೂರು ಮಾಡುತ್ತದೆ. ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಸಿಚನೋವರ್, ಅವ್ರಾಮ್ ಹರ್ಷ್ಕೊ, ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಕೋಶದಲ್ಲಿ ಶಕ್ತಿಯೇ ಕಡಿಮೆಯಾದರೆ ದಾರಿ ಬೇರೆ. ಆಗ ಎಎಂಪಿಕೆ ಎಂಬ ಇನ್ನೊಂದು ಕಿಣ್ವ ರಿಡಕ್ಟೇಸಿಗೆ ಫಾಸ್ಫೇಟ್ ಸೇರಿಸಿ ಅದರ ಕೆಲಸ ತಗ್ಗಿಸುತ್ತದೆ.

ಕೊಲೆಸ್ಟ್ರಾಲಿನ ಕೊರತೆ ಬಿದ್ದಾಗ ಕತ್ತರಿಯ ಸರದಿ. ಎಸ್‌ಆರ್‌ಇಬಿಪಿ ಎಂಬ ಪ್ರೋಟೀನನ್ನು ಸ್ಕ್ಯಾಪ್ ಎಂಬ ಜೊತೆಗಾರ ಪ್ರೋಟೀನು ಕೋಶದೊಳಗಿನ ಗಾಲ್ಜಿ ಸಂಕೀರ್ಣಕ್ಕೆ ಒಯ್ಯುತ್ತದೆ. ಅಲ್ಲಿ ಎರಡು ಕಿಣ್ವಗಳು ಒಂದಾದ ಮೇಲೊಂದರಂತೆ ಅದನ್ನು ಕತ್ತರಿಸುತ್ತವೆ. ಬಿಡುಗಡೆಯಾದ ತುಂಡು ಕೋಶಕೇಂದ್ರಕ್ಕೆ ಹೋಗಿ ರಿಡಕ್ಟೇಸ್ ಮತ್ತು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣವನ್ನು ಹಿಡಿಯುವ ಗ್ರಾಹಕದ ಜೀನುಗಳನ್ನು ಚುರುಕುಗೊಳಿಸುತ್ತದೆ. ಕೊಲೆಸ್ಟ್ರಾಲ್ ಸಾಕಷ್ಟಿದ್ದರೆ ಇನ್ಸಿಗ್ ಸ್ಕ್ಯಾಪನ್ನು ಹೊರಡಲೇ ಬಿಡುವುದಿಲ್ಲ. ಎಲ್‌ಡಿಎಲ್ ಗ್ರಾಹಕದ ಕೆಲಸಕ್ಕೆ 1985ರಲ್ಲಿ ನೊಬೆಲ್ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ಡಲ್ಲಾಸ್ ಪ್ರಯೋಗಾಲಯವೇ ಈ ಸರಣಿಯನ್ನೂ ಬಿಡಿಸಿತು. ಪ್ರಶಸ್ತಿ ಬಂದ ಮೇಲೂ ಇಷ್ಟು ದೊಡ್ಡ ಕೆಲಸ ಮಾಡಿದವರು ವಿರಳ.

ರಕ್ತದಿಂದ ಎಲ್‌ಡಿಎಲ್ ಹೆಕ್ಕುವ ಗ್ರಾಹಕಕ್ಕೂ ಯುಬಿಕ್ವಿಟಿನ್ ತಪ್ಪಿದ್ದಲ್ಲ. 2009ರಲ್ಲಿ ವರದಿಯಾದ ಐಡಾಲ್ ಎಂಬ ಕಿಣ್ವ ಅದಕ್ಕೆ ಗುರುತು ಹಾಕಿ, ಪ್ರೋಟೀನುಗಳನ್ನು ಜೀರ್ಣಿಸುವ ಲೈಸೋಸೋಮಿಗೆ ಕಳಿಸುತ್ತದೆ. ಪಿಸಿಎಸ್‌ಕೆ9 ಎಂಬ ಪ್ರೋಟೀನಿನ ರೀತಿ ಬೇರೆ. ಅದು ಮೊದಲು ತನ್ನನ್ನೇ ಕತ್ತರಿಸಿಕೊಂಡು ಕೋಶದಿಂದ ಹೊರಬಂದು, ಆಮೇಲೆ ಗ್ರಾಹಕದ ನಾಶಕ್ಕೆ ನಿಲ್ಲುತ್ತದೆ. ಅದನ್ನು ತಡೆಯುವ ಚುಚ್ಚುಮದ್ದುಗಳು 2015ರಿಂದ ಬಳಕೆಗೆ ಬಂದಿವೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಜಪಾನಿನ ಅಕಿರ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಔಷಧಗಳಲ್ಲಿ ಮೊದಲನೆಯದನ್ನು ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಮಂಜೂರಾದ ಲೊವಾಸ್ಟಾಟಿನ್ ಕೂಡ ಬೂಷ್ಟಿನ ಕೊಡುಗೆಯೇ. 1978ರಲ್ಲಿ ಕಿರಣ್ ಮಜುಂದಾರ್ ಷಾ ಬೆಂಗಳೂರಿನಲ್ಲಿ ಕಟ್ಟಿದ ಬಯೋಕಾನ್ ಕಂಪನಿ, ಕಿಣ್ವ ತಯಾರಿಕೆಯಲ್ಲಿ ಪಳಗಿದ ಕೈಯಿಂದ ಲೊವಾಸ್ಟಾಟಿನ್ ತಯಾರಿಸಿ, 2001ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆಯಿತು.

ಸ್ಟಾಟಿನ್ ರಿಡಕ್ಟೇಸನ್ನು ತಡೆಯುತ್ತದೆ, ಆದರೆ ಕೋಶ ಸುಮ್ಮನಿರುವುದಿಲ್ಲ. ಸ್ಟೆರಾಲ್ ಇಳಿದ ಕಾರಣ ಕಿಣ್ವಕ್ಕೆ ನಾಶದ ಗುರುತು ಬೀಳದೆ ಅದರ ಪ್ರಮಾಣ ಹಲವು ಪಟ್ಟು ಏರುತ್ತದೆ. ಎಸ್‌ಆರ್‌ಇಬಿಪಿಯೂ ಎಚ್ಚೆತ್ತು ಯಕೃತ್ತಿನಲ್ಲಿ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ರೋಗಿಗೆ ಸಿಗುವ ಲಾಭದ ಹೆಚ್ಚಿನ ಪಾಲು ಇದರಿಂದಲೇ. ಆದರೆ ಅದೇ ಎಸ್‌ಆರ್‌ಇಬಿಪಿ ಪಿಸಿಎಸ್‌ಕೆ9 ಅನ್ನೂ ಏರಿಸುತ್ತದೆ. ಸ್ಟಾಟಿನ್ ಪ್ರಮಾಣ ಇಮ್ಮಡಿಯಾದರೂ ಎಲ್‌ಡಿಎಲ್ ಮತ್ತೆ ಇಳಿಯುವುದು ಸುಮಾರು ಶೇ 6 ಮಾತ್ರ. ಅದಕ್ಕೆ ಇದೂ ಒಂದು ಕಾರಣ.