ಫೋನ್ ಹ್ಯಾಕಿಂಗ್ ಹಗರಣ (ಬ್ರಿಟನ್)

ರೂಪರ್ಟ್ ಮರ್ಡಾಕ್ ಒಡೆತನದ ಭಾನುವಾರದ ಟ್ಯಾಬ್ಲಾಯ್ಡ್ ‘ನ್ಯೂಸ್ ಆಫ್ ದಿ ವರ್ಲ್ಡ್’ ಸುದ್ದಿಗಾಗಿ ಸಾವಿರಾರು ಜನರ ಮೊಬೈಲ್ ಧ್ವನಿಸಂದೇಶಗಳಿಗೆ ಕೈ ಹಾಕಿದ ಪ್ರಕರಣವಿದು. 1843ರಲ್ಲಿ ಹುಟ್ಟಿದ ಆ ಪತ್ರಿಕೆ ಇದೇ ಕಾರಣಕ್ಕೆ 2011ರ ಜುಲೈ 10ರ ಸಂಚಿಕೆಯೊಂದಿಗೆ ನಿಂತುಹೋಯಿತು. ಫೋನ್ ಕದ್ದಾಲಿಕೆ ಎಂದರೆ ಇಬ್ಬರ ಮಾತಿನ ನಡುವೆ ಕಿವಿಯಿಡುವುದು ಎಂದು ನಾವು ತಿಳಿಯುತ್ತೇವೆ. ಇಲ್ಲಿ ನಡೆದದ್ದು ಅಷ್ಟು ಕಷ್ಟದ ಕೆಲಸವಲ್ಲ. ಒಂದೇ ನಂಬರಿಗೆ ಎರಡು ಫೋನ್‌ಗಳಿಂದ ಕರೆ ಮಾಡುವುದು. ಮೊದಲ ಕರೆ ಲೈನನ್ನು ಹಿಡಿದಿಟ್ಟರೆ ಎರಡನೆಯದು ಧ್ವನಿಸಂದೇಶದ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕೇಳುವ ನಾಲ್ಕಂಕಿಯ ಪಿನ್ ಅನ್ನು ಬಹಳ ಮಂದಿ ಬದಲಿಸುತ್ತಲೇ ಇರಲಿಲ್ಲ. ಬದಲಿಸಿದ್ದರೆ ಮೊಬೈಲ್ ಕಂಪನಿಯ ಸಿಬ್ಬಂದಿಗೆ ಸುಳ್ಳು ಹೇಳಿ ಅದನ್ನು ಮತ್ತೆ ಹಳೆಯದಕ್ಕೇ ತರಿಸಿಕೊಳ್ಳುತ್ತಿದ್ದರು. ಇಷ್ಟು ಸರಳವಾದ ಕಳ್ಳತನ, ಪುರಾವೆ ಪೊಲೀಸರ ಕೈಗೆ ಸಿಕ್ಕ ಮೇಲೂ ಸುಮಾರು ಐದು ವರ್ಷ ಬಯಲಾಗದೆ ಉಳಿಯಿತು. ಹೇಗೆ ಉಳಿಯಿತು ಎಂಬುದೇ ಈ ಹಗರಣದ ತಿರುಳು. ಅದಕ್ಕೆ ಲಂಚವೊಂದನ್ನೇ ಕಾರಣವಾಗಿ ಹಿಡಿದರೆ ಉತ್ತರ ಸಿಗುವುದಿಲ್ಲ. ಪತ್ರಿಕೆ, ಪೊಲೀಸ್, ರಾಜಕಾರಣ ಮೂರೂ ಒಂದರ ಕೃಪೆಯಲ್ಲಿ ಇನ್ನೊಂದು ಬದುಕುವುದನ್ನು ರೂಢಿ ಮಾಡಿಕೊಂಡಿದ್ದವು.

2005ರ ನವೆಂಬರಿನಲ್ಲಿ ರಾಜಕುಮಾರ ವಿಲಿಯಂ ಅವರ ಮೊಣಕಾಲಿನ ನೋವಿನ ಬಗ್ಗೆ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಕೆಲವರಿಗಷ್ಟೇ ಗೊತ್ತಿದ್ದ ಸಂಗತಿ ಅಚ್ಚಾದದ್ದು ಕಂಡು ಅರಮನೆಯವರಿಗೆ ಅನುಮಾನ ಬಂತು. 2006ರ ಆಗಸ್ಟಿನಲ್ಲಿ ಪತ್ರಿಕೆಯ ರಾಜಮನೆತನ ವರದಿಗಾರ ಕ್ಲೈವ್ ಗುಡ್‌ಮನ್ ಮತ್ತು ಖಾಸಗಿ ಪತ್ತೇದಾರ ಗ್ಲೆನ್ ಮಲ್ಕೇರ್ ಬಂಧನಕ್ಕೊಳಗಾದರು. ಮುಂದಿನ ಜನವರಿಯಲ್ಲಿ ಒಬ್ಬನಿಗೆ ನಾಲ್ಕು ತಿಂಗಳು, ಇನ್ನೊಬ್ಬನಿಗೆ ಆರು ತಿಂಗಳು ಸೆರೆವಾಸವಾಯಿತು. ದಾರಿ ತಪ್ಪಿದ ಒಬ್ಬನೇ ವರದಿಗಾರನ ಕೆಲಸವಿದು ಎಂದು ಕಂಪನಿ ಹೇಳಿತು, ಪೊಲೀಸರು ಒಪ್ಪಿದರು. ಆದರೆ ಈ ವಾದ ಸುಳ್ಳೆಂಬುದಕ್ಕೆ ಆರೋಪಪಟ್ಟಿಯೇ ಸಾಕಿತ್ತು. ಅದರಲ್ಲಿ ಫುಟ್‌ಬಾಲ್ ಆಟಗಾರರ ಸಂಘದ ಮುಖ್ಯಸ್ಥನೂ ಒಬ್ಬ ಸಂಸದನೂ ಇದ್ದರು. ಅರಮನೆಯ ಸುದ್ದಿ ಬರೆಯುವವನಿಗೆ ಅವರ ಸಂದೇಶಗಳಿಂದ ಏನು ಪ್ರಯೋಜನ? ಇನ್ನೂ ಗಟ್ಟಿಯಾದ ಸಾಕ್ಷ್ಯ ಮಲ್ಕೇರ್ ಮನೆಯಲ್ಲಿ ವಶಪಡಿಸಿಕೊಂಡ ಸುಮಾರು 11,000 ಪುಟಗಳ ಕೈಬರಹದ ಟಿಪ್ಪಣಿಗಳಲ್ಲಿತ್ತು. ಹೆಸರು, ನಂಬರು, ಪಿನ್ ಎಲ್ಲವನ್ನೂ ಆತ ಗೀಚಿಟ್ಟಿದ್ದ. ಹಾಳೆಯ ಎಡಮೇಲ್ಮೂಲೆಯಲ್ಲಿ, ಆ ಕೆಲಸ ಒಪ್ಪಿಸಿದ ಪತ್ರಕರ್ತನ ಮೊದಲ ಹೆಸರನ್ನು ಬರೆದುಕೊಳ್ಳುವುದು ಆತನ ಅಭ್ಯಾಸ. ಆ ಮೂಲೆಗಳನ್ನಷ್ಟೇ ನೋಡುತ್ತ ಹೋಗಿದ್ದರೂ ಗುಡ್‌ಮನ್ ಒಬ್ಬನೇ ಅಲ್ಲವೆಂಬುದು ತಿಳಿಯುತ್ತಿತ್ತು. ಆ ಟಿಪ್ಪಣಿಗಳು ಕಸದ ಚೀಲಗಳಲ್ಲಿ ಪೊಲೀಸ್ ದಾಸ್ತಾನಿನಲ್ಲೇ ಬಿದ್ದಿದ್ದವು.

ಪೊಲೀಸರ ಸಮರ್ಥನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2005ರ ಜುಲೈನ ಲಂಡನ್ ಬಾಂಬ್ ದಾಳಿ, 2006ರ ಆಗಸ್ಟಿನಲ್ಲಿ ಪತ್ತೆಯಾದ ವಿಮಾನ ಸ್ಫೋಟದ ಸಂಚು ಇವುಗಳ ನಡುವೆ ಜೀವಹಾನಿಯಿಲ್ಲದ ಅಪರಾಧಕ್ಕೆ ಆಳುಗಳನ್ನು ಹಚ್ಚಲು ಸಾಧ್ಯವಿರಲಿಲ್ಲ ಎಂದು ಅವರು ಹೇಳಿದರು. 2006ರ ಮಟ್ಟಿಗೆ ಇದನ್ನು ಒಪ್ಪಬಹುದು. 2009ಕ್ಕೆ ಒಪ್ಪಲಾಗದು. ಆ ವರ್ಷದ ಜುಲೈನಲ್ಲಿ ‘ಗಾರ್ಡಿಯನ್’ ಪತ್ರಿಕೆಯ ನಿಕ್ ಡೇವಿಸ್, ಕಂಪನಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ದಾವೆಗಳನ್ನು ಗುಟ್ಟಾಗಿ ಮುಗಿಸಿಕೊಂಡಿದೆಯೆಂದು ಬರೆದಾಗ, ಲಂಡನ್ ಪೊಲೀಸ್ ಸಹಾಯಕ ಆಯುಕ್ತ ಜಾನ್ ಯೇಟ್ಸ್ ಅದೇ ದಿನ ಸಂಜೆಯೊಳಗೆ ಹೊಸ ತನಿಖೆ ಬೇಡವೆಂದು ತೀರ್ಮಾನಿಸಿದರು. 11,000 ಪುಟಗಳನ್ನು ಒಂದು ದಿನದಲ್ಲಿ ಯಾರೂ ಓದಲಾರರು. ಲಂಡನ್ನಿನ ಆಚೆಯ ಸರ್ರೆ ಪೊಲೀಸರ ನಡೆ ಇದಕ್ಕಿಂತ ನೋವಿನದು. 2002ರಲ್ಲಿ ಅಲ್ಲಿ 13 ವರ್ಷದ ಶಾಲಾ ಬಾಲಕಿಯೊಬ್ಬಳು ನಾಪತ್ತೆಯಾಗಿ, ಬಳಿಕ ಕೊಲೆಯಾದದ್ದು ಗೊತ್ತಾಯಿತು. ಆಕೆಗಾಗಿ ಹುಡುಕಾಟ ನಡೆದಿದ್ದಾಗಲೇ ಪತ್ರಿಕೆಯವರು ಆಕೆಯ ಧ್ವನಿಸಂದೇಶ ಕೇಳಿದ್ದರು. ಕೇಳಿದ್ದೇವೆಂದು ಪೊಲೀಸರಿಗೇ ತಿಳಿಸಿದ್ದರು. ಪೊಲೀಸ್ ದೂರುಗಳನ್ನು ನೋಡುವ ಸ್ವತಂತ್ರ ಆಯೋಗ 2013ರಲ್ಲಿ ಹೇಳಿದಂತೆ, ಸಂಗತಿ ಆ ಪಡೆಯ ಎಲ್ಲ ಹಂತಗಳಲ್ಲೂ ಗೊತ್ತಿತ್ತು. ಆಗ ಯಾವ ಬಾಂಬ್ ಸಂಚೂ ಅವರ ಕೈ ಕಟ್ಟಿರಲಿಲ್ಲ.

ಕೈ ಕಟ್ಟಿದ್ದು ಸಲುಗೆ. ಪತ್ರಿಕೆಯ ಮಾಜಿ ಸಂಪಾದಕಿ ರೆಬೆಕಾ ಬ್ರೂಕ್ಸ್ 2003ರ ಮಾರ್ಚಿನಲ್ಲಿ ಸಂಸದೀಯ ಸಮಿತಿಯ ಮುಂದೆ, ಮಾಹಿತಿಗಾಗಿ ಪೊಲೀಸರಿಗೆ ಹಿಂದೆ ಹಣ ಕೊಟ್ಟದ್ದುಂಟು ಎಂದು ಬಾಯಿಬಿಟ್ಟು ಹೇಳಿದರು; ಕೇಳಿಸಿಕೊಂಡ ದೇಶದಲ್ಲಿ ಆಗ ಒಂದು ತನಿಖೆಯೂ ಶುರುವಾಗಲಿಲ್ಲ. ಮೊದಲ ತನಿಖೆಯ ಮೇಲುಸ್ತುವಾರಿ ಹೊತ್ತಿದ್ದ ಆಂಡಿ ಹೇಮನ್ ನಿವೃತ್ತರಾದ ಮೇಲೆ ಅದೇ ಕಂಪನಿಯ ‘ದಿ ಟೈಮ್ಸ್’ಗೆ ಅಂಕಣ ಬರೆದರು. ಪತ್ರಿಕೆಯ ಮಾಜಿ ಹಿರಿಯ ಸಂಪಾದಕ ನೀಲ್ ವಾಲಿಸ್ 2009ರಲ್ಲಿ ಲಂಡನ್ ಪೊಲೀಸರಿಗೆ ಪ್ರಚಾರ ಸಲಹೆಗಾರರಾದರು (ಹ್ಯಾಕಿಂಗ್ ಆರೋಪದಿಂದ ಅವರು 2015ರಲ್ಲಿ ಖುಲಾಸೆಯಾದರು). ಪೊಲೀಸ್ ಪ್ರಚಾರ ವಿಭಾಗದ 45 ಜನರಲ್ಲಿ 10 ಮಂದಿ ಮರ್ಡಾಕ್ ಕಂಪನಿಯಲ್ಲಿ ದುಡಿದವರೆಂದು ಆಯುಕ್ತ ಪಾಲ್ ಸ್ಟೀಫನ್‌ಸನ್ ಅವರೇ ಒಪ್ಪಿದರು. ರಾಜಕೀಯದ ಕಡೆ, ಗುಡ್‌ಮನ್ ಶಿಕ್ಷೆಯ ಬಳಿಕ ಸಂಪಾದಕ ಹುದ್ದೆ ಬಿಟ್ಟ ಆಂಡಿ ಕೌಲ್ಸನ್‌ಗೆ ಆಗಿನ ವಿರೋಧ ಪಕ್ಷದ ನಾಯಕ ಡೇವಿಡ್ ಕ್ಯಾಮರನ್ ಆರು ತಿಂಗಳೊಳಗೆ ಕೆಲಸ ಕೊಟ್ಟರು, 2010ರಲ್ಲಿ ಪ್ರಧಾನಿ ಕಚೇರಿಗೂ ಕರೆದೊಯ್ದರು. ಮೂರೂ ಎಳೆಗಳು ಒಂದೇ ಕಡೆ ಸೇರುವುದನ್ನು ನೋಡಬೇಕಾದರೆ ರೈಸಾ ಎಂಬ ಕುದುರೆಯ ಕತೆ ಸಾಕು. ಲಂಡನ್ ಪೊಲೀಸರು ಸೇವೆಯಿಂದ ನಿವೃತ್ತಿಯಾದ ಈ ಕುದುರೆಯನ್ನು 2008ರಲ್ಲಿ ರೆಬೆಕಾ ಬ್ರೂಕ್ಸ್‌ಗೆ ಸಾಕಲು ಕೊಟ್ಟರು. ಅದರ ಮೇಲೆ ತಾವೂ ಸವಾರಿ ಮಾಡಿದ್ದನ್ನು ಪ್ರಧಾನಿ ಕ್ಯಾಮರನ್ 2012ರಲ್ಲಿ ಒಪ್ಪಿಕೊಂಡರು.

ಸ್ನೇಹ ಅಪರಾಧವಲ್ಲ, ನಿವೃತ್ತ ಕುದುರೆ ಸಾಕಲು ಕೊಡುವುದು ಪೊಲೀಸರ ಹಳೆಯ ಪದ್ಧತಿ ಎಂದು ಆಕ್ಷೇಪಿಸುವವರಿದ್ದಾರೆ. ನಿಜ. ಹಗರಣದ ಕುರಿತ ಸಾರ್ವಜನಿಕ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆವ್‌ಸನ್ ಕೂಡ 2012ರ ನವೆಂಬರಿನಲ್ಲಿ ಕೊಟ್ಟ ಸುಮಾರು 2,000 ಪುಟಗಳ ವರದಿಯಲ್ಲಿ ಪೊಲೀಸರಲ್ಲಿ ವ್ಯಾಪಕ ಭ್ರಷ್ಟಾಚಾರ ಕಾಣಲಿಲ್ಲವೆಂದರು. ರಾಜಕಾರಣಿಗಳ ಒಡನಾಟ ಮಾತ್ರ ಅತಿಯಾಗಿತ್ತೆಂದರು. ಬ್ರೂಕ್ಸ್ ಅವರನ್ನು 2014ರಲ್ಲಿ ಜ್ಯೂರಿ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಕೌಲ್ಸನ್‌ಗೆ 18 ತಿಂಗಳ ಶಿಕ್ಷೆಯಾಯಿತು. ಆದರೆ ಈ ಆಕ್ಷೇಪ ನಮ್ಮ ವಾದವನ್ನು ಅಲುಗಿಸುವುದಿಲ್ಲ, ಬಲಪಡಿಸುತ್ತದೆ. ಲಂಚವಿದ್ದರೆ ಕೊಟ್ಟವನು, ತೆಗೆದುಕೊಂಡವನು, ಮೊತ್ತ ಎಲ್ಲವೂ ಇರುತ್ತವೆ. ನ್ಯಾಯಾಲಯ ಅದನ್ನು ಹಿಡಿಯಬಲ್ಲದು. ನಾಳೆ ಇವರ ಬಳಿ ಅಂಕಣ ಬರೆಯಬೇಕು, ಚುನಾವಣೆಯಲ್ಲಿ ಇವರ ಬೆಂಬಲ ಬೇಕು ಎಂಬ ಎಣಿಕೆಯಿಂದ ಒಂದು ಕಡತವನ್ನು ತೆರೆಯದೆ ಬಿಟ್ಟರೆ ಅದಕ್ಕೆ ಯಾವ ಕಲಮೂ ಅನ್ವಯಿಸದು. ಹಾಗಾಗಿಯೇ ಅದು ಹೆಚ್ಚು ಅಪಾಯದ್ದು.

ಗೋಡೆ ಬಿರುಕು ಬಿಟ್ಟದ್ದು ಈ ನಂಟಿನ ಹೊರಗಿದ್ದವರಿಂದ: ಒಂದು ಪ್ರತಿಸ್ಪರ್ಧಿ ಪತ್ರಿಕೆ, ದಾಖಲೆ ಹೊರತರಿಸಿದ ಸಿವಿಲ್ ದಾವೆಗಳು, ಪಟ್ಟು ಬಿಡದ ಕೆಲವು ಸಂಸದರು. 2011ರ ಜನವರಿಯಲ್ಲಿ ಹೊಸ ತನಿಖೆ ಶುರುವಾಗಿತ್ತು. ಜುಲೈ 4ರಂದು ಬಾಲಕಿಯ ಸಂಗತಿ ಅಚ್ಚಾಯಿತು. ಪತ್ರಿಕೆಯವರು ಸಂದೇಶ ಅಳಿಸಿ ಹೆತ್ತವರಲ್ಲಿ ಹುಸಿ ಆಸೆ ಹುಟ್ಟಿಸಿದರೆಂಬ ಅಂಶ ಮುಂದೆ ಸಾಬೀತಾಗಲಿಲ್ಲ, ‘ಗಾರ್ಡಿಯನ್’ ಅದನ್ನು ತಿದ್ದಿಕೊಂಡಿತು. ಕದ್ದು ಕೇಳಿದ್ದು ಮಾತ್ರ ನಿಜವಾಗಿತ್ತು. ಎರಡು ವಾರದೊಳಗೆ ಪತ್ರಿಕೆ ಮುಚ್ಚಿತು, ಬಿಎಸ್‌ಕೈಬಿ ಟಿವಿ ಸಂಸ್ಥೆಯನ್ನು ಪೂರ್ತಿ ಕೊಳ್ಳುವ ಯತ್ನವನ್ನು ಮರ್ಡಾಕ್ ಕೈಬಿಟ್ಟರು, ಸ್ಟೀಫನ್‌ಸನ್ ಮತ್ತು ಯೇಟ್ಸ್ ರಾಜೀನಾಮೆ ಕೊಟ್ಟರು. ತನಿಖೆಯ ಕಾಟದಿಂದ ಪತ್ರಿಕಾ ಸ್ವಾತಂತ್ರ್ಯ ನಲುಗುತ್ತದೆಂಬ ಭಯಕ್ಕೆ ಆಧಾರವಿದೆ. ಸರ್ಕಾರಿ ನೌಕರರಿಗೆ ಹಣ ಕೊಟ್ಟ ಆರೋಪ ಹೊತ್ತ ಪತ್ರಕರ್ತರಲ್ಲಿ ಬಹುತೇಕರು ವರ್ಷಗಟ್ಟಲೆ ಅಲೆದು ಕೊನೆಗೆ ಖುಲಾಸೆಯಾದರು. ಆದರೆ ಹೊರೆ ಬಿದ್ದದ್ದು ಕೆಳಗಿನವರ ಮೇಲೆ. ಮೇಲಿನ ನಂಟನ್ನು ಬಿಡಿಸಿ ನೋಡಲೆಂದೇ ಲೆವ್‌ಸನ್ ವಿಚಾರಣೆಯ ಎರಡನೇ ಭಾಗವನ್ನು ಮೀಸಲಿಡಲಾಗಿತ್ತು. ಮಾಧ್ಯಮ ಲೋಕ ಬದಲಾಗಿದೆಯೆಂದು ಹೇಳಿ ಸಚಿವ ಮ್ಯಾಟ್ ಹ್ಯಾಂಕಾಕ್ 2018ರ ಮಾರ್ಚ್ 1ರಂದು ಅದನ್ನು ರದ್ದು ಮಾಡಿದರು, ಲೆವ್‌ಸನ್ ಒಪ್ಪಲಿಲ್ಲ. ಆಮೇಲೆ ತಿಳಿದುಬಂದದ್ದೆಲ್ಲ ದಾವೆ ಹೂಡಿದವರ ಮೂಲಕವೇ. 2023ರ ಡಿಸೆಂಬರಿನಲ್ಲಿ ರಾಜಕುಮಾರ ಹ್ಯಾರಿ ಮಿರರ್ ಪತ್ರಿಕಾ ಸಮೂಹದ ವಿರುದ್ಧ ಗೆದ್ದು 1,40,600 ಪೌಂಡ್ ಪರಿಹಾರ ಪಡೆದರು. 2025ರ ಜನವರಿಯಲ್ಲಿ ಮರ್ಡಾಕ್ ಕಂಪನಿ, ‘ದಿ ಸನ್’ಗಾಗಿ ದುಡಿದ ಖಾಸಗಿ ಪತ್ತೇದಾರರೂ ಕಾನೂನು ಮೀರಿದ್ದರೆಂದು ಒಪ್ಪಿ ಹ್ಯಾರಿ ಅವರ ಕ್ಷಮೆ ಕೇಳಿತು; ರಾಜಿಯಾದದ್ದರಿಂದ ಆ ಮೊಕದ್ದಮೆಯ ಸಾಕ್ಷಿಗಳ ವಿಚಾರಣೆ ನಡೆಯಲೇ ಇಲ್ಲ.