ಗಣಕದೊಳಗಿನ ಗಣಕ ಏಳಲಿಲ್ಲ, ಏಕೆ?

2023ರ ಫೆಬ್ರವರಿ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ಸರ್ವರ್ 2022ಕ್ಕೆ ಎಂದಿನಂತೆ ತಿಂಗಳ ಪ್ಯಾಚ್ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಂಡ ಸರ್ವರ್‌ಗಳಲ್ಲಿ ಒಂದು ಗುಂಪಿನವು ಮತ್ತೆ ಬೂಟ್ ಆಗಲೇ ಇಲ್ಲ. ಅವು ಬಿಡಿ ಯಂತ್ರಗಳಲ್ಲ. ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಎಂಬ ತಂತ್ರಾಂಶದ ಮೇಲೆ ನಡೆಯುತ್ತಿದ್ದ ವರ್ಚುಯಲ್ ಗಣಕಗಳು. ಅವುಗಳಲ್ಲೂ ತೊಂದರೆಯಾದದ್ದು ‘ಸೆಕ್ಯೂರ್ ಬೂಟ್’ ಎಂಬ ಕಾವಲು ಚಾಲೂ ಇದ್ದವಕ್ಕೆ ಮಾತ್ರ.

ವರ್ಚುಯಲ್ ಗಣಕವೆಂದರೇನು ಎಂಬುದು ನಿಮಗೆ ಗೊತ್ತಿರಬಹುದು. ಒಂದು ದೊಡ್ಡ ಗಣಕದ ಪ್ರೊಸೆಸರ್, ಸ್ಮೃತಿ, ಡಿಸ್ಕ್‌ಗಳನ್ನು ತಂತ್ರಾಂಶದ ಮೂಲಕ ಪಾಲು ಮಾಡಿ, ಪ್ರತಿ ಪಾಲೂ ತಾನೊಂದು ಸ್ವತಂತ್ರ ಗಣಕವೆಂದೇ ವರ್ತಿಸುವಂತೆ ಮಾಡುವುದು. ಆದರೆ ಅಂಥ ಗಣಕಕ್ಕೂ ಕಾವಲುಗಾರ ಬೇಕಾದದ್ದೇಕೆ? ಅದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು.

1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರ್ ಬಹಳ ನಂಬಿಕೆಯ ಪ್ರಾಣಿ. ಗುಂಡಿ ಒತ್ತಿದೊಡನೆ ಅದರ ಬಯಾಸ್, ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿದ್ದ 512 ಬೈಟ್‌ಗಳನ್ನು ಸ್ಮೃತಿಗೆ ತಂದು, ನಿಯಂತ್ರಣವನ್ನು ಅವಕ್ಕೆ ಒಪ್ಪಿಸಿಬಿಡುತ್ತಿತ್ತು. ಅವನ್ನು ಬರೆದವರು ಯಾರು ಎಂದು ಕೇಳುತ್ತಿರಲಿಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ ಹೊಕ್ಕಿದ್ದು ಇದೇ ಜಾಗಕ್ಕೆ. ಫ್ಲಾಪಿಯ ಮೊದಲ ಸೆಕ್ಟರ್‌ನಲ್ಲಿ ತಾನು ಕುಳಿತು, ಮೂಲದ್ದನ್ನು ಬೇರೆಡೆಗೆ ಸರಿಸುವುದು ಅದರ ಉಪಾಯ. ಕಾರ್ಯಾಚರಣ ವ್ಯವಸ್ಥೆಗಿಂತ ಮೊದಲೇ ಎದ್ದು ಕೂತವನನ್ನು ಆ ವ್ಯವಸ್ಥೆ ಹಿಡಿಯುವುದು ಹೇಗೆ?

ಉತ್ತರ ಸಿಗಲು ಕಾಲು ಶತಮಾನವೇ ಹಿಡಿಯಿತು. ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರ್‌ಗಾಗಿ ರೂಪಿಸಿದ್ದ ಇಎಫ್‌ಐ ಎಂಬ ಹೊಸ ಏರ್ಪಾಟು 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಯುಇಎಫ್‌ಐ ಎನಿಸಿತು. 2011ರಲ್ಲಿ ಅದರ 2.3.1ನೇ ಆವೃತ್ತಿಯಲ್ಲಿ ಸೆಕ್ಯೂರ್ ಬೂಟ್ ಪೂರ್ಣ ರೂಪ ಪಡೆಯಿತು. ತತ್ತ್ವ ಸರಳ. ಬೂಟ್ ಆಗಲು ಬರುವ ಪ್ರತಿ ಕಡತದ ಮೇಲೂ ಡಿಜಿಟಲ್ ಸಹಿ ಇರಬೇಕು. ಯಾರ ಸಹಿ ಒಪ್ಪಿಗೆ ಎಂಬ ಪಟ್ಟಿಯೊಂದು ‘ಡಿಬಿ’, ಯಾವುದನ್ನು ಕೂಡದೆಂದು ಹೊಡೆದುಹಾಕಿದೆ ಎಂಬ ಪಟ್ಟಿಯೊಂದು ‘ಡಿಬಿಎಕ್ಸ್’. ಈ ಪಟ್ಟಿಗಳನ್ನು ತಿದ್ದಲು ‘ಕೆಇಕೆ’ ಕೀಲಿ ಬೇಕು. ಆ ಕೀಲಿಯನ್ನೇ ಬದಲಿಸಲು ಎಲ್ಲಕ್ಕೂ ಮೇಲಿನ ‘ಪಿಕೆ’ ಬೇಕು. ಒಂದು ಮನೆಯ ಕೀಲಿಗೊಂಚಲಿನಂತೆ ಎನ್ನಿ.

2012ರಲ್ಲಿ ವಿಂಡೋಸ್ 8 ಜೊತೆಗೆ ಮಾರುವ ಗಣಕಗಳಿಗೆ ಇದು ಕಡ್ಡಾಯವಾದಾಗ ಲಿನಕ್ಸ್ ಬಳಗದಲ್ಲಿ ದೊಡ್ಡ ಗದ್ದಲವಾಯಿತು. ಎಲ್ಲ ತಯಾರಕರೂ ಮೈಕ್ರೋಸಾಫ್ಟ್ ಕೀಲಿಗಳನ್ನೇ ತುಂಬಿದ್ದರಿಂದ, ಬಾಗಿಲ ಹಕ್ಕು ಒಬ್ಬರ ಪಾಲಾಗುತ್ತದೆ ಎಂಬುದು ಅವರ ಆತಂಕ. ಅದು ಅಕಾರಣವೇನಲ್ಲ. ಕೊನೆಗೆ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟ್ ಸಹಿ ಪಡೆದು, ಅದರ ಮೂಲಕ ಲಿನಕ್ಸ್ ಒಳಬರುವ ರಾಜಿ ಏರ್ಪಟ್ಟಿತು. ಆದರೆ ಶಿಮ್‌ಗೆ ಹಾಕುವ ಸಹಿ ವಿಂಡೋಸ್‌ಗೆ ಹಾಕುವ ಸಹಿಯಲ್ಲ, ಹೊರಗಿನವರಿಗೆಂದೇ ಇಟ್ಟ ಬೇರೊಂದು. ಈ ಸಣ್ಣ ವ್ಯತ್ಯಾಸ ನೆನಪಿರಲಿ.

ಇನ್ನು ವರ್ಚುಯಲ್ ಗಣಕಕ್ಕೆ ಬರೋಣ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಕೀಲಿಗಳಿರುವುದು ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ. ವರ್ಚುಯಲ್ ಗಣಕಕ್ಕೆ ಚಿಪ್ ಎಲ್ಲಿಂದ ಬರಬೇಕು? ಅಲ್ಲಿ ಕಾವಲುಗಾರನೂ ತಂತ್ರಾಂಶ, ಕೀಲಿಗೊಂಚಲೂ ಬರಿಯ ದತ್ತಾಂಶ. ಕೆವಿಎಂ ಬಳಸುವವರಿಗೆ ಅದು ‘ಓವಿಎಂಎಫ್ ವಾರ್ಸ್’ ಎಂಬ ಕಡತ. ವಿಎಂವೇರ್‌ನಲ್ಲಿ ಗಣಕದ ಉಳಿದ ಕಡತಗಳ ಪಕ್ಕದಲ್ಲೇ ಕೂರುವ ‘ಎನ್‌ವಿರಾಮ್’ ಕಡತ. ಗಣಕ ಹುಟ್ಟಿದ ದಿನ ಪಟ್ಟಿಯಲ್ಲಿ ಏನಿತ್ತೋ, ಯಾರಾದರೂ ತಿದ್ದುವವರೆಗೆ ಅದೇ ಇರುತ್ತದೆ. ನನ್ನ ಎಣಿಕೆಯಲ್ಲಿ ಇಲ್ಲಿನ ತಕರಾರುಗಳಲ್ಲಿ ಹೆಚ್ಚಿನವು ವಯಸ್ಸಿನ ತಕರಾರುಗಳೇ: ಸಹಿಯ ಕಾಲ ಒಂದು, ಪಟ್ಟಿಯ ಕಾಲ ಇನ್ನೊಂದು.

2023ರ ಪ್ರಕರಣವನ್ನೇ ನೋಡಿ. ಪ್ಯಾಚ್‌ನಲ್ಲಿ ಬಂದ ವಿಂಡೋಸ್ ಬೂಟ್ ಕಡತದ ಸಹಿಯ ರೂಪ ಹೊಸದು. ಇಎಸ್‌ಎಕ್ಸ್‌ಐ 6.7 ಮತ್ತು 7.0ರ ಕಾವಲುಗಾರನಿಗೆ ಅದು ಅಪರಿಚಿತ. ಸಹಿ ನಿಜವಾದದ್ದೇ ಆದರೂ ಆತ ಬಾಗಿಲು ಮುಚ್ಚಿದ, 8.0ರವನು ತೆರೆದ. ವಿಂಡೋಸ್‌ನ ಒಳಗೆ ಇದರ ಸುಳಿವು ಸಿಗುವಂತಿಲ್ಲ, ಏಕೆಂದರೆ ವಿಂಡೋಸ್ ಏಳಲೇ ಇಲ್ಲವಲ್ಲ! ಸುಳಿವಿದ್ದದ್ದು ಹೊರಗೆ, ವಿಎಂವೇರ್‌ನ ದಾಖಲೆ ಕಡತದಲ್ಲಿ: ‘ಇಮೇಜ್ ಡಿನೈಡ್’ ಎಂಬ ಒಂದೇ ಸಾಲು. ಪ್ಯಾಚ್ ಕಿತ್ತುಹಾಕಿದರೂ ಪ್ರಯೋಜನವಾಗಲಿಲ್ಲ. ಸೆಕ್ಯೂರ್ ಬೂಟ್ ಆರಿಸಿದರೆ ಗಣಕ ಏಳುತ್ತಿತ್ತು, ನಿಜ. ಆದರೆ ಬಿಟ್‌ಲಾಕರ್ ಗೂಢಲಿಪಿ ಬಳಸಿದ ಡಿಸ್ಕ್ ಅಂಥ ಬದಲಾವಣೆ ಕಂಡೊಡನೆ ರಿಕವರಿ ಕೀಲಿ ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳದವರ ಪಾಡು ಊಹಿಸಿ. ಫೆಬ್ರವರಿ 21ರಂದು ಬಂದ 7.0 ಅಪ್‌ಡೇಟ್ 3ಕೆ ಹಾಕಿದ ಮೇಲೆ ಅದೇ ಗಣಕಗಳು, ಒಳಗೇನೂ ಮುಟ್ಟದೆ, ಸುಮ್ಮನೆ ಎದ್ದವು. 6.7ಕ್ಕಾದರೋ ಕಂಪನಿಯ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್‌ನಲ್ಲೇ ಮುಗಿದಿತ್ತು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಉಂಟು. 2020ರ ಜುಲೈನಲ್ಲಿ ಲಿನಕ್ಸ್‌ನ ಗ್ರಬ್ ಬೂಟ್‌ಲೋಡರ್‌ನಲ್ಲಿ ‘ಬೂಟ್‌ಹೋಲ್’ ಎಂಬ ಬಿರುಕು ಪತ್ತೆಯಾದಾಗ, ಹಳೆಯ ಶಿಮ್ ಮತ್ತು ಗ್ರಬ್‌ಗಳು ಸಾಲುಸಾಲಾಗಿ ಡಿಬಿಎಕ್ಸ್ ಪಟ್ಟಿ ಸೇರಿದವು. ಹೀಗಾಗಿ ಅದಕ್ಕಿಂತ ಹಳೆಯ ಲಿನಕ್ಸ್ ಐಎಸ್‌ಓ ಕಡತವನ್ನು ಹೊಸ ಪಟ್ಟಿಯಿರುವ ವರ್ಚುಯಲ್ ಗಣಕಕ್ಕೆ ಹಾಕಿದರೆ ಕಾವಲುಗಾರ ಒಲ್ಲೆನ್ನುತ್ತಾನೆ. ಅಲ್ಲಿ ತಪ್ಪು ಅವನದಲ್ಲ, ಹೊಸ ಐಎಸ್‌ಓ ತರಿಸಿಕೊಳ್ಳಿ.

ಹೈಪರ್-ವಿ ಬಳಸುವವರದು ಇನ್ನೊಂದು ಕತೆ. 2013ರಲ್ಲಿ ಬಂದ ಅದರ ‘ಜನರೇಷನ್ 2’ ಗಣಕಗಳಲ್ಲಿ ಸೆಕ್ಯೂರ್ ಬೂಟ್ ಮೊದಲಿನಿಂದಲೇ ಚಾಲೂ. ಆದರೆ ಪಟ್ಟಿಯಲ್ಲಿದ್ದದ್ದು ವಿಂಡೋಸ್ ಸಹಿ ಮಾತ್ರ. ಶಿಮ್‌ನ ಸಹಿ ಬೇರೆಯದೆಂದು ಆಗಲೇ ಹೇಳಿದೆನಲ್ಲ. ಲಿನಕ್ಸ್ ಹಾಕಲು ಕಾವಲನ್ನೇ ತೆಗೆಯಬೇಕಿತ್ತು. ವಿಂಡೋಸ್ ಸರ್ವರ್ 2016ರಿಂದ ಗಣಕದ ಸೆಟ್ಟಿಂಗ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿ’ ಎಂಬ ಟೆಂಪ್ಲೇಟ್ ಆರಿಸಿದರೆ ಸಾಕು. ಇಂದಿಗೂ ಕಾವಲು ತೆಗೆಯುವ ಹಳೆಯ ಸಲಹೆಯನ್ನೇ ಪಾಲಿಸುವವರಿದ್ದಾರೆ.

ಸದ್ದಿಲ್ಲದ ತೊಂದರೆ ಇನ್ನೂ ಕೆಟ್ಟದ್ದು. ಕೆವಿಎಂ ಗಣಕವೊಂದನ್ನು ಬೇರೆ ಯಂತ್ರಕ್ಕೆ ಸಾಗಿಸುವಾಗ ಡಿಸ್ಕ್ ಕಡತ ಒಯ್ದು ‘ವಾರ್ಸ್’ ಕಡತ ಮರೆತರೆ, ಅಲ್ಲಿ ಖಾಲಿ ಕೀಲಿಗೊಂಚಲು ಹುಟ್ಟಬಹುದು. ಪಿಕೆ ಇಲ್ಲದಿದ್ದರೆ ಕಾವಲೂ ಇಲ್ಲ. ಗಣಕ ಎದ್ದರೆ ಯಾರೂ ದೂರುವುದಿಲ್ಲ. ಲಿನಕ್ಸ್‌ನಲ್ಲಿ ‘ಮೋಕ್‌ಯುಟಿಲ್’ ಆದೇಶದಿಂದಲೂ ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದೂ ನಿಜಸ್ಥಿತಿ ನೋಡಬಹುದು.

ಈ ವಯಸ್ಸಿನ ಲೆಕ್ಕ ಇನ್ನೂ ಮುಗಿದಿಲ್ಲ. 2011ರ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳಿಗೆ ಇದ್ದದ್ದು 15 ವರ್ಷದ ಆಯುಷ್ಯ: ಕೆಇಕೆ ಮತ್ತು ಶಿಮ್‌ನಂಥವುಗಳ ಪತ್ರಕ್ಕೆ 2026ರ ಜೂನ್, ವಿಂಡೋಸ್‌ನದಕ್ಕೆ 2026ರ ಅಕ್ಟೋಬರ್ ಗಡುವು. ಗಡುವಿನ ದಿನವೇ ಗಣಕ ನಿಲ್ಲುವುದಿಲ್ಲ. ಹಳೆಯ ಸಹಿಗಳು ಮುಂದೆಯೂ ಒಪ್ಪಿಗೆಯಾಗುತ್ತವೆ. ಹೊಸ ಬೂಟ್ ಕಡತಗಳು ಮಾತ್ರ 2023ರ ಪತ್ರಗಳ ಸಹಿ ಹೊತ್ತು ಬರುತ್ತವೆ, ಹಳೆಯ ವರ್ಚುಯಲ್ ಗಣಕದ ಡಿಬಿಯಲ್ಲಿ ಅವು ಇರದಿರಬಹುದು. ಕೆಇಕೆ ಬದಲಿಸಲು ಪಿಕೆಯ ಒಪ್ಪಿಗೆ ಬೇಕು. ವರ್ಚುಯಲ್ ಗಣಕದಲ್ಲಿ ಪಿಕೆ ಇಡುವವರು ಸಾಮಾನ್ಯವಾಗಿ ಆ ವರ್ಚುಯಲ್ ತಂತ್ರಾಂಶದ ತಯಾರಕರು. ಆದ್ದರಿಂದ ಒಳಗಿನ ವಿಂಡೋಸ್ ಅಥವಾ ಲಿನಕ್ಸ್ ಅಪ್‌ಡೇಟ್ ಒಂದನ್ನೇ ನೆಚ್ಚಿ ಕೂರದೆ, ಹೊರಗಿನ ತಂತ್ರಾಂಶದವರ ಸೂಚನೆಯನ್ನೂ ಓದಿ. ತಿದ್ದುವ ಮುನ್ನ ರಿಕವರಿ ಕೀಲಿ ಬರೆದಿಟ್ಟುಕೊಂಡು, ಡಿಸ್ಕಿನ ಜೊತೆಗೆ ಆ ಪುಟ್ಟ ಕೀಲಿಗೊಂಚಲ ಕಡತದ ಪ್ರತಿಯನ್ನೂ ತೆಗೆದಿಡಿ.